ಲೆಕ್ಕದ ಪುಸ್ತಕದಲ್ಲಿ ನಿದ್ದೆಗೊಂದು ಕಾಲಂ

ಅಣ್ಣನ ಮಗ ಪಿಯುಸಿ ಮುಗಿಸಿದ್ದಾನೆ. ಮುಂದೇನು ಎಂದು ಕೇಳಿದರೆ "ಫ್ಲೀಟ್ ಮ್ಯಾನೇಜ್‌ಮೆಂಟ್" ಎಂದ. ಅತ್ತಿಗೆಗೆ ಆ ಪದ ಅರ್ಥವಾಗಲಿಲ್ಲ. ಅರ್ಥ ಹೇಳಿದ ಮೇಲೆ ಅವಳ ಮುಖ ಇನ್ನಷ್ಟು ಸಣ್ಣದಾಯಿತು. "ಗಾಡಿ ನೋಡಿಕೊಳ್ಳುವ ಕೆಲಸಕ್ಕೆ ಕಾಲೇಜು ಬೇರೆ ಬೇಕಾ? ನಿನ್ನ ದಾದಾ ಯಾವ ಕಾಲೇಜಿಗೆ ಹೋಗಿದ್ದರು?" ಎಂದಳು. ಹುಡುಗ ನನ್ನ ಕಡೆ ನೋಡಿದ. ಕತೆ ಬರೆಯುವ ಫುಪ್ಪು ತನ್ನ ಪರವಾಗಿ ಏನಾದರೂ ಹೇಳುತ್ತಾಳೆ ಎಂಬ ಆಸೆ ಅವನಿಗೆ. ನಾನು ಆಗ ಸುಮ್ಮನಿದ್ದೆ. ಹೇಳಬೇಕಾದದ್ದು ಊಟದ ತಟ್ಟೆಯ ಮುಂದೆ ಹೇಳಿ ಮುಗಿಸುವಷ್ಟು ಸಣ್ಣದಾಗಿರಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನೂ ಓದಲಿ, ಅತ್ತಿಗೆಯೂ ಓದಲಿ.

ನಮ್ಮ ಮನೆ ವಂಡ್ಸೆಯಲ್ಲಿ. ಕುಂದಾಪುರದಿಂದ ಕೊಲ್ಲೂರಿಗೆ ಹೋಗುವವರು ಹೆಮ್ಮಾಡಿಯಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿ ನಮ್ಮೂರನ್ನು ದಾಟಿಕೊಂಡೇ ಚಿತ್ತೂರು, ಇಡೂರು, ಜಡ್ಕಲ್, ಹಾಲ್ಕಲ್ ಎಂದು ಸಾಗಬೇಕು. ಅಬ್ಬಾ ಆ ದಾರಿಯ ಬಸ್ಸಿಗೆ ಹದಿನಾಲ್ಕನೇ ವಯಸ್ಸಿನಲ್ಲಿ ಕ್ಲೀನರ್ ಆಗಿ ಸೇರಿದವರು. ಬೆಳಿಗ್ಗೆ ಬಸ್ಸು ತೊಳೆಯುವುದು, ರೇಡಿಯೇಟರಿಗೆ ನೀರು ಹಾಕುವುದು, ಟಾಪಿನ ಮೇಲೆ ಅಕ್ಕಿ ಮೂಟೆ, ಅಡಿಕೆ ಮೂಟೆ ಏರಿಸುವುದು. ಆರು ವರ್ಷದ ನಂತರ ಕಂಡಕ್ಟರ್. ಮತ್ತೆ ಮೂರು ವರ್ಷಕ್ಕೆ ಡ್ರೈವರ್. ರಾತ್ರಿ ಖಾಲಿ ಬಸ್ಸನ್ನು ಶೆಡ್ಡಿಗೆ ಬಿಡುವಾಗ ಹಳೆಯ ಡ್ರೈವರೊಬ್ಬರು ಅವರ ಕೈಗೆ ಸ್ಟೇರಿಂಗ್ ಕೊಟ್ಟು ಕಲಿಸಿದರು. ಅದೇ ಅವರ ಕಾಲೇಜು.

ನಮ್ಮ ಕರಾವಳಿಯಲ್ಲಿ ಇದು ಹೊಸ ಕತೆಯೇನಲ್ಲ. 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ, ಅಂದರೆ ಎಲ್ಲರ ಬಾಯಲ್ಲಿ ಸಿಪಿಸಿ, ಹುಟ್ಟಿತು. ಅಂದಿನಿಂದ ಈ ಜಿಲ್ಲೆಗಳಲ್ಲಿ ಬಸ್ಸು ಎಂದರೆ ಖಾಸಗಿ ಬಸ್ಸು. ರಾಜ್ಯದ ಬೇರೆ ಕಡೆ ಮಾರ್ಗಗಳು ಸರಕಾರದ ಕೈಗೆ ಹೋದರೂ ಇಲ್ಲಿ ಖಾಸಗಿಯವರದ್ದೇ ಓಡಾಟ ಉಳಿಯಿತು. ಸಾವಿರಾರು ಮನೆಗಳ ಅನ್ನ ಅದರಿಂದ ಬೆಂದಿದೆ. ಕ್ಲೀನರ್, ಕಂಡಕ್ಟರ್, ಡ್ರೈವರ್, ನಿಲ್ದಾಣದಲ್ಲಿ ಊರಿನ ಹೆಸರು ಕೂಗುವ ಏಜೆಂಟ್, ದಾರಿಯಲ್ಲಿ ಹತ್ತಿ ಟಿಕೆಟು ನೋಡುವ ಚೆಕ್ಕಿಂಗಿನವರು, ಗ್ಯಾರೇಜಿನ ಮೇಸ್ತ್ರಿ, ಟಯರಿನವರು. ಜಾತಿ ಧರ್ಮ ಕೇಳದೆ ಏಳನೇ ಕ್ಲಾಸು ಫೇಲಾದ ಹುಡುಗನಿಗೆ ಕೆಲಸ ಕೊಟ್ಟ ಏಣಿ ಅದು.

ಆದರೆ ಆ ಏಣಿಗೆ ಮೆಟ್ಟಿಲಿತ್ತು, ಕಾಗದ ಇರಲಿಲ್ಲ. ಅಬ್ಬಾ ಸುಮಾರು ಮೂವತ್ತು ವರ್ಷ ಲೈನಿನಲ್ಲಿ ದುಡಿದರು. ಒಂದು ನೇಮಕಾತಿ ಪತ್ರ ಅವರ ಬಳಿ ಇರಲಿಲ್ಲ. ದಿನದ ಭತ್ತೆ ಸಂಜೆ ಕೈಗೆ ಬರುತ್ತಿತ್ತು, ಮರುದಿನ ಮುಗಿಯುತ್ತಿತ್ತು. ಎಷ್ಟು ವರ್ಷ ಓಡಿಸಿದೆ, ಎಷ್ಟು ಸಲ ಘಾಟಿ ಇಳಿದೆ, ಒಂದು ಸಲವೂ ಯಾರಿಗೂ ತಾಗಿಸಲಿಲ್ಲ ಎಂಬುದಕ್ಕೆಲ್ಲ ಅವರ ನೆನಪೇ ಸಾಕ್ಷಿ. ಕೂಲಿಗೂ ವೃತ್ತಿಗೂ ಇರುವ ವ್ಯತ್ಯಾಸ ಇಷ್ಟೇ ಎಂದು ನನಗೆ ಈಗ ಅನ್ನಿಸುತ್ತದೆ. ಕೂಲಿ ದಿನಕ್ಕೆ ಮುಗಿಯುತ್ತದೆ. ವೃತ್ತಿಯಲ್ಲಿ ನಿನ್ನೆಯ ದಿನ ಇವತ್ತಿನ ಲೆಕ್ಕಕ್ಕೆ ಸೇರುತ್ತದೆ.

1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿತು. ಬೈಂದೂರಿನ ನಿಲ್ದಾಣಕ್ಕೆ ಇಟ್ಟ ಹೆಸರೇ 'ಮೂಕಾಂಬಿಕಾ ರೋಡ್ ಬೈಂದೂರು'. ಮೊದಲು ಕೇರಳದ ಭಕ್ತರು ಮಂಗಳೂರಿನಲ್ಲಿ ಇಳಿದು ಬಸ್ಸು ಹಿಡಿಯಬೇಕಿತ್ತು. ಈಗ ನಡುರಾತ್ರಿಯ ರೈಲಿನಿಂದ ಮಕ್ಕಳು ಮರಿಗಳ ಸಮೇತ ಬೈಂದೂರಿನಲ್ಲೇ ಇಳಿಯತೊಡಗಿದರು. ಅಲ್ಲಿಂದ ಗೋಳಿಹೊಳೆ, ಯಳಜಿತ್ ಮೇಲೆ ಕೊಲ್ಲೂರು ಮೂವತ್ತು ಕಿಲೋಮೀಟರಿಗೂ ಕಡಿಮೆ. ಅಬ್ಬಾ ಮತ್ತು ಅಣ್ಣ ಲೆಕ್ಕ ಹಾಕಿದರು. ಅಮ್ಮಿಯ ಬಳೆ ಎರಡು ಬ್ಯಾಂಕಿಗೆ ಹೋದವು. ಅದೇ ವರ್ಷ ಮಳೆ ಕಳೆದ ಮೇಲೆ ಒಂದು ಹಳೆಯ ಜೀಪು ನಮ್ಮ ಅಂಗಳಕ್ಕೆ ಬಂತು.

ಕೊಲ್ಲೂರಿನಲ್ಲಿ ಜೀಪಿಗೆ ಎರಡು ಬಗೆಯ ಕೆಲಸ. ಒಂದು ರೈಲಿನಿಂದ ದೇವಸ್ಥಾನಕ್ಕೆ, ದೇವಸ್ಥಾನದಿಂದ ರೈಲಿಗೆ. ಇನ್ನೊಂದು ಕೊಡಚಾದ್ರಿ. 1,343 ಮೀಟರ್ ಎತ್ತರದ ಬೆಟ್ಟ. ನಾಗೋಡಿ ಘಾಟಿ ಹತ್ತಿ, ನಿಟ್ಟೂರಿನ ಕಡೆ ಹೋಗಿ, ಕಟ್ಟಿನಹೊಳೆಯ ಮೇಲೆ ಸುತ್ತಿಕೊಂಡು ಏರಬೇಕು. ಕೊನೆಯ ಭಾಗ ಬರೀ ಕಲ್ಲು, ಮಣ್ಣು, ಕೊರಕಲು. ಎಂಟು ಮಂದಿ ಸೇರಿದರೆ ಒಂದು ಜೀಪು ಹೊರಡುತ್ತದೆ. ಹೋಗಿ ಬರುವಾಗ ಅರ್ಧ ದಿನ ಕಳೆಯುತ್ತದೆ. ಅಬ್ಬಾ ಜೀಪಿನ ಪಕ್ಕ ನಿಂತು ಮಲೆಯಾಳಂನಲ್ಲೇ ಮಾತಾಡುವುದನ್ನು ಕಲಿತರು. ಸಂಜೆಯ ಆರತಿಗೆ ಆಗ 'ಸಲಾಂ ಮಂಗಳಾರತಿ' ಎಂದೇ ಎಲ್ಲರೂ ಹೇಳುತ್ತಿದ್ದರು. ಟಿಪ್ಪು ಸುಲ್ತಾನ ಬಂದು ಹೋದ ನೆನಪಿಗೆ ಅದು ನಡೆಯುತ್ತದೆ ಎಂಬ ಪ್ರತೀತಿಯನ್ನು ಅಬ್ಬಾ ಪ್ರಯಾಣಿಕರಿಗೆ ಹೇಳುವಾಗ ಅವರ ಧ್ವನಿಯಲ್ಲಿ ಒಂದು ಸಣ್ಣ ಖುಷಿ ಇರುತ್ತಿತ್ತು.

ಲೆಕ್ಕ ಬರೆಯುವ ಕೆಲಸ ನನಗೆ ಬಂತು. ಅಬ್ಬಾನಿಗೆ ಉರ್ದು ಓದಲು ಬರುತ್ತಿತ್ತು, ಕನ್ನಡ ಅಕ್ಷರ ತಡವರಿಸಿ. ನಾನು ಮೊದಲು ಉರ್ದು ಶಾಲೆ, ನಂತರ ಕನ್ನಡ ಶಾಲೆಯಲ್ಲಿ ಕಲಿತವಳು. ಹಾಗಾಗಿ ನನ್ನ ಪುಸ್ತಕಕ್ಕೆ ಎರಡು ಬದಿ. ಬಲಗಡೆಯಿಂದ ಉರ್ದುವಿನಲ್ಲಿ ಮನೆಯ ಖರ್ಚು, ಎಡಗಡೆಯಿಂದ ಕನ್ನಡದಲ್ಲಿ ಗಾಡಿಯ ಲೆಕ್ಕ. ತಾರೀಕು, ಟ್ರಿಪ್, ಮೀಟರ್, ಡೀಸೆಲ್, ಬಾಡಿಗೆ, ಭತ್ತೆ, ರಿಪೇರಿ. ಏಳು ಕಾಲಂ. "ಹಿಸಾಬ್ ಸಾಫ್ ರಹನಾ ಬೇಟಿ" ಎನ್ನುತ್ತಿದ್ದರು ಅಬ್ಬಾ. ಲೆಕ್ಕ ಚೊಕ್ಕ ಇರಬೇಕು ಮಗಳೇ ಎಂದು. ಚೊಕ್ಕವಾಗಿಯೇ ಇತ್ತು. ಒಂದು ಲೀಟರ್ ಡೀಸೆಲ್ ಹೆಚ್ಚು ಕಡಿಮೆಯಾದರೂ ನನಗೆ ಗೊತ್ತಾಗುತ್ತಿತ್ತು.

2006ರ ಹೊತ್ತಿಗೆ ನಮ್ಮಲ್ಲಿ ಮೂರು ಗಾಡಿ. ಅಬ್ಬಾ, ಅಣ್ಣ, ಜೊತೆಗೆ ಜಡ್ಕಲ್ ಕಡೆಯ ಒಬ್ಬ ಹುಡುಗ. ಅವನಿಗೆ ಆಗ ಇಪ್ಪತ್ತಾರು, ನನ್ನದೇ ವಯಸ್ಸು. ಆದರೂ ನನ್ನನ್ನು ಅಕ್ಕ ಎನ್ನುತ್ತಿದ್ದ. ಕೊಡಚಾದ್ರಿಯ ದಾರಿಯಲ್ಲಿ ಅವನಷ್ಟು ನಾಜೂಕಾಗಿ ಓಡಿಸುವವರು ಕಡಿಮೆ ಎಂದು ಅಬ್ಬಾನೇ ಹೇಳುತ್ತಿದ್ದರು. ಆ ವರ್ಷ ನವರಾತ್ರಿ ಮತ್ತು ರಮಝಾನ್ ಒಟ್ಟಿಗೆ ಬಂದವು. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಉಪವಾಸ ಶುರು, ಅಕ್ಟೋಬರ್ 2ಕ್ಕೆ ವಿಜಯದಶಮಿ. ವಿಜಯದಶಮಿಯ ದಿನ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಲು ಕೇರಳವೇ ಕೊಲ್ಲೂರಿಗೆ ಬಂದಂತೆ ಕಾಣುತ್ತದೆ. ವರ್ಷದ ಗಳಿಕೆಯ ದೊಡ್ಡ ಪಾಲು ಆ ಹತ್ತು ದಿನದಲ್ಲಿ.

ಅಬ್ಬಾ ಮತ್ತು ಅಣ್ಣ ಉಪವಾಸ. ಮಧ್ಯಾಹ್ನದ ನಂತರ ಅವರಿಗೆ ಬೆಟ್ಟ ಹತ್ತುವುದು ಕಷ್ಟ. ಇಫ್ತಾರಿಗೆ ಮನೆ ಸೇರಬೇಕು, ರಾತ್ರಿ ನಮಾಝಿಗೆ ಹೋಗಬೇಕು. ಹೆಚ್ಚಿನ ಟ್ರಿಪ್ ಆ ಹುಡುಗನ ಮೇಲೆ ಬಿತ್ತು. ಯಾರೂ ಕೂತು ಹಾಗೆಂದು ತೀರ್ಮಾನ ಮಾಡಲಿಲ್ಲ. ಅದು ತಾನಾಗಿ ಆಯಿತು. ನಮ್ಮ ಉಪವಾಸವನ್ನು ನಾವು ಹಿಡಿದೆವು, ಅದರ ದಣಿವನ್ನು ಅವನು ಹೊತ್ತ.

ಅಕ್ಟೋಬರ್ 1ರ ಚೀಟಿ ನನಗೆ ಇಂದಿಗೂ ಬಾಯಿಪಾಠ. ಬೆಳಿಗ್ಗೆ ಐದಕ್ಕೆ ಬೈಂದೂರು ಸ್ಟೇಷನ್ನಿನಿಂದ ಕೊಲ್ಲೂರು. ಏಳಕ್ಕೆ ಕೊಡಚಾದ್ರಿ. ಒಂದೂವರೆಗೆ ಮತ್ತೆ ಕೊಡಚಾದ್ರಿ. ರಾತ್ರಿ ಹತ್ತಕ್ಕೆ ಕೊಲ್ಲೂರಿನಿಂದ ಬೈಂದೂರು. ನಮ್ಮ ಮನೆಗೆ ಬಂದಾಗ ಒಂದು ಗಂಟೆ. ಜಗಲಿಯ ಮೇಲೆ ಚಾಪೆ ಹಾಕಿ ಮಲಗಿದ. ನಾನು ಒಳಗೆ ಕೂತು ಚೀಟಿ ನೋಡಿ ಏಳು ಕಾಲಂ ತುಂಬಿದೆ. ಕೂಡಿದೆ. ಒಳ್ಳೆಯ ದಿನ ಎಂದುಕೊಂಡೆ.

ಬೆಳಿಗ್ಗೆ ಸಹರಿಗೆಂದು ಎದ್ದಾಗ ನಾಲ್ಕು ಗಂಟೆ. ಕೊಲ್ಲೂರಿನ ಲಾಡ್ಜಿನಿಂದ ಫೋನ್ ಬಂತು. ರೈಲಿಗೆ ಹೋಗುವ ಒಂದು ಕುಟುಂಬವಿದೆ, ಗಾಡಿ ಬೇಕು ಎಂದು. ಅಣ್ಣ ಸಹರಿಗೆ ಕೂತಿದ್ದ. ನಾನು ಹೊರಗೆ ಬಂದು ಆ ಹುಡುಗನನ್ನು ಎಬ್ಬಿಸಿದೆ. ಕಣ್ಣು ಕೆಂಪಗಿತ್ತು. "ಆಗ್ತದಾ?" ಎಂದು ಕೇಳಿದೆ. "ಎಂತದೂ ಆತಿಲ್ಲೆ ಅಕ್ಕ, ಒಂದ್ ಟ್ರಿಪ್ ಅಲ್ದಾ" ಎಂದ. ಗೋಡೆಯ ಮೊಳೆಯಲ್ಲಿದ್ದ ಕೀ ತೆಗೆದು ಅವನ ಕೈಗೆ ಕೊಟ್ಟವಳು ನಾನು.

ಕುಟುಂಬವನ್ನು ಕ್ಷೇಮವಾಗಿ ರೈಲಿಗೆ ಬಿಟ್ಟ. ಖಾಲಿ ಗಾಡಿಯಲ್ಲಿ ಹಿಂದೆ ಬರುವಾಗ ಗೋಳಿಹೊಳೆಯ ಹತ್ತಿರ ತಿರುವಿನಲ್ಲಿ ಜೀಪು ರಸ್ತೆ ಬಿಟ್ಟು ಮರಕ್ಕೆ ಹೊಡೆಯಿತು. ಬ್ರೇಕ್ ಹಿಡಿದ ಗುರುತು ರಸ್ತೆಯಲ್ಲಿ ಇರಲಿಲ್ಲ. ಕಣ್ಣು ಮುಚ್ಚಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಬಲಗಾಲಿನ ತೊಡೆ ಮತ್ತು ಮೊಣಕಾಲು ಮುರಿದಿತ್ತು. ಜೀವ ಉಳಿಯಿತು. ಗಾಡಿಯಲ್ಲಿ ಮತ್ತೆ ಯಾರೂ ಇರಲಿಲ್ಲ ಎಂಬುದಕ್ಕೆ ನಾವು ಅಲ್ಲಾಹನಿಗೆ ಶುಕ್ರ್ ಹೇಳಿದೆವು. ಹೇಳುವಾಗ ನನಗೆ ನಾಚಿಕೆಯಾಯಿತು. ಅವನು ಇದ್ದನಲ್ಲ.

ಮುಂದೆ ಪರಿಹಾರದ ವಿಚಾರ ಬಂತು. ಬಾಡಿಗೆ ಗಾಡಿಯ ವಿಮೆಯಲ್ಲಿ ಸಂಬಳದ ಡ್ರೈವರಿಗೆ ಆಗ ಕಾರ್ಮಿಕ ಪರಿಹಾರ ಕಾಯ್ದೆಯ ಪ್ರಕಾರ ಪರಿಹಾರ ಇತ್ತು. ಆದರೆ ಅವನು ನಮ್ಮ ಡ್ರೈವರ್ ಎಂಬುದಕ್ಕೆ, ಇಷ್ಟು ಸಂಬಳ ಎಂಬುದಕ್ಕೆ ಕಾಗದ ಬೇಕು. ಅಬ್ಬಾನಿಗೆ ಯಾರೂ ಕೊಡದ ನೇಮಕಾತಿ ಪತ್ರವನ್ನು ನಾವೂ ಅವನಿಗೆ ಕೊಟ್ಟಿರಲಿಲ್ಲ. ಇದ್ದದ್ದು ನನ್ನ ಪುಸ್ತಕ ಮಾತ್ರ. ಅದನ್ನು ಕೊಡಬೇಕೆಂದಾಗ ಪರಿಚಯದವರೊಬ್ಬರು ಅಬ್ಬಾನಿಗೆ ಕಿವಿಮಾತು ಹೇಳಿದರು. "ಸಾಹೇಬ್ರೆ, ಅಕ್ಟೋಬರ್ ಒಂದರ ಪುಟ ತೆಗೆದು ಬೇರೆ ಬರೆಸಿ. ಅಷ್ಟು ಟ್ರಿಪ್ ಹೊಡೆಸಿದ್ದು ಕಂಡರೆ ನಿಮ್ಮ ಮೇಲೇ ಬರುತ್ತದೆ." ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನನ್ನು ಕರೆದು, "ಬರೆದದ್ದನ್ನು ಹರಿಯಬೇಡ. ಹಾಗೇ ಕೊಡು" ಎಂದರು. ಆ ಪುಟದಿಂದಲೇ ಅವನ ಸಂಬಳ ರುಜುವಾಯಿತು. ಪರಿಹಾರ ಸಿಗುವಾಗ ಎರಡು ವರ್ಷ ದಾಟಿತ್ತು.

ಪುಸ್ತಕ ಮರಳಿ ಬಂದ ದಿನ ನಾನು ಆ ಪುಟವನ್ನು ಮತ್ತೆ ಓದಿದೆ. ಡೀಸೆಲ್ ಇತ್ತು, ಮೀಟರ್ ಇತ್ತು. ಗಾಡಿಗೆ ಆಯಿಲ್ ಬದಲಿಸಬೇಕಾದ ದಿನ ಕೂಡ ಮೂಲೆಯಲ್ಲಿ ಬರೆದಿದ್ದೆ. ಓಡಿಸಿದವನು ಎಷ್ಟು ಹೊತ್ತು ಮಲಗಿದ ಎಂಬುದಕ್ಕೆ ಕಾಲಂ ಇರಲಿಲ್ಲ. ಪೆನ್ಸಿಲ್ ಹಿಡಿದು ಎಂಟನೆಯ ಗೆರೆ ಎಳೆದೆ. ಮೇಲೆ 'ನಿದ್ದೆ' ಎಂದು ಬರೆದೆ.

ಕಾನೂನು ನಮಗಿಂತ ಮೊದಲೇ ಈ ಗೆರೆ ಎಳೆದಿತ್ತು ಎಂಬುದು ನಂತರ ತಿಳಿಯಿತು. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸುವಂತಿರಲಿಲ್ಲ. ಐದು ಗಂಟೆ ಸತತ ದುಡಿದ ಮೇಲೆ ಅರ್ಧ ಗಂಟೆಯಾದರೂ ಬಿಡುವು ಬೇಕಿತ್ತು. ಆ ಕಾಯ್ದೆ ಐದು ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಎಂದು ನಮ್ಮಂಥ ಸಣ್ಣವರು ಜಾರಿಕೊಳ್ಳುತ್ತಿದ್ದೆವು. ಆದರೆ 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಂ ಅದೇ ದುಡಿಮೆಯ ಅವಧಿಯನ್ನು ಸಾರಿಗೆ ವಾಹನ ಓಡಿಸುವ ಎಲ್ಲರಿಗೂ ಅನ್ವಯಿಸಿತ್ತು. ಒಂದು ಜೀಪು ಇರಲಿ, ನೂರು ಬಸ್ಸು ಇರಲಿ.

ಕಾಲಂ ಎಳೆಯುವುದು ಸುಲಭ, ತುಂಬುವುದು ಕಷ್ಟ. ಮರುವರ್ಷ ನವರಾತ್ರಿಯಲ್ಲಿ ಬಾಡಿಗೆ ಬಂದಾಗ "ಗಾಡಿ ಇದೆ, ಡ್ರೈವರಿಗೆ ನಿದ್ದೆ ಆಗಿಲ್ಲ, ಕೊಡುವುದಿಲ್ಲ" ಎಂದು ಹೇಳಬೇಕಾಯಿತು. ಫೋನಿನ ಆಚೆ ಬದಿಯವರು ನಕ್ಕರು. ಖಾಯಂ ಗಿರಾಕಿಯಾಗಿದ್ದ ಒಂದು ಲಾಡ್ಜಿನವರು ಬೇರೆ ಗಾಡಿ ನೋಡಿಕೊಂಡರು. ಸಾಲದ ಕಂತು ತಪ್ಪಿತು. ಒಂದು ಗಾಡಿ ಮಾರಿದೆವು. ಅಣ್ಣ 2009ರಲ್ಲಿ ಸೌದಿಗೆ ಹೋದ. ದಮ್ಮಾಮಿನಲ್ಲಿ ಮೊದಲು ಡ್ರೈವರ್, ಮತ್ತೆ ಇಂಗ್ಲಿಷ್ ಅಷ್ಟಿಷ್ಟು ಕಲಿತು ಗಾಡಿಗಳ ಉಸ್ತುವಾರಿ. ಅಲ್ಲಿ ಪ್ರತಿ ಗಾಡಿಗೂ ಒಂದು ಫೈಲು, ಪ್ರತಿ ಟಯರಿಗೂ ಒಂದು ನಂಬರು, ಪ್ರತಿ ಡ್ರೈವರಿಗೂ ಒಂದು ಹಾಳೆ ಇತ್ತಂತೆ. "ನಿನ್ನ ಪುಸ್ತಕವನ್ನೇ ಅವರು ಕಂಪ್ಯೂಟರಿನಲ್ಲಿ ಇಟ್ಟಿದ್ದಾರೆ" ಎಂದು ಫೋನಿನಲ್ಲಿ ಹೇಳಿದ್ದ.

2017ರಲ್ಲಿ ಅವನು ಮರಳಿ ಬಂದು ಮತ್ತೆ ಕೊಲ್ಲೂರಿನ ದಾರಿ ಹಿಡಿದ. ಈಗ ನಮ್ಮದು ಆರು ಗಾಡಿ. ಫ್ಲೀಟ್ ಎಂದರೆ ಫ್ಲೀಟ್, ಇಲ್ಲದಿದ್ದರೆ ಇಲ್ಲ. ಆದರೆ ಆರಕ್ಕೂ ಅರುವತ್ತಕ್ಕೂ ಲೆಕ್ಕದ ರೀತಿ ಒಂದೇ. ಒಂದು ಉದಾಹರಣೆ ಹೇಳುತ್ತೇನೆ. ಗಾಡಿಯ ಸರ್ವಿಸನ್ನು ಎಲ್ಲರೂ ಕಿಲೋಮೀಟರ್ ಲೆಕ್ಕದಲ್ಲಿ ಮಾಡಿಸುತ್ತಾರೆ. ಕೊಡಚಾದ್ರಿಗೆ ಹೋಗುವ ಗಾಡಿಗೆ ಆ ಲೆಕ್ಕ ಸುಳ್ಳು. ಅಲ್ಲಿ ಫಸ್ಟ್ ಗೇರಿನಲ್ಲಿ ಇಂಜಿನ್ ಗಂಟೆಗಟ್ಟಲೆ ಕೂಗುತ್ತದೆ, ಮೀಟರ್ ಮಾತ್ರ ಕದಲುವುದಿಲ್ಲ. ಹಾಗಾಗಿ ಬೆಟ್ಟದ ಗಾಡಿಗೆ ನಾವು ಗಂಟೆಯ ಲೆಕ್ಕ ಇಟ್ಟೆವು. ಕ್ಲಚ್, ಬ್ರೇಕಿನ ಖರ್ಚು ಟ್ರಿಪ್ಪಿಗೆ ಎಷ್ಟು ಎಂದು ಆಗಲೇ ಗೊತ್ತಾದದ್ದು. ಎಷ್ಟೋ ವರ್ಷ ಬೆಟ್ಟದ ಬಾಡಿಗೆಯಲ್ಲಿ ಲಾಭವಾಯಿತೆಂದು ತಿಳಿದಿದ್ದೆವು. ನಿಜದಲ್ಲಿ ಗಾಡಿಯನ್ನೇ ಸ್ವಲ್ಪ ಸ್ವಲ್ಪ ಮಾರಿ ತಿನ್ನುತ್ತಿದ್ದೆವು.

ಜಡ್ಕಲ್ಲಿನ ಆ ಹುಡುಗ ಎಲ್ಲಿ ಎಂದು ನೀವು ಕೇಳಬಹುದು. ಅವನ ಮೊಣಕಾಲು ಪೂರ್ತಿ ಮಡಿಸಲು ಬರುವುದಿಲ್ಲ. ಸ್ಟೇರಿಂಗ್ ಬಿಟ್ಟು ಹೋಯಿತು. ಗಾಡಿ ಹೊರಡಿಸುವುದು, ಯಾವ ಡ್ರೈವರ್ ಯಾವ ಟ್ರಿಪ್ಪಿಗೆ ಎಂದು ಹೇಳುವುದು, ಎಫ್‌ಸಿ, ಪರ್ಮಿಟ್, ವಿಮೆಯ ತಾರೀಕು ನೋಡುವುದು ಎಲ್ಲ ಈಗ ಅವನದು. ಎಂಟು ವರ್ಷ ದಾಟಿದ ಗಾಡಿಗೆ ವರ್ಷ ವರ್ಷ ಎಫ್‌ಸಿ ಆಗಬೇಕು. ಒಂದು ತಾರೀಕೂ ಅವನ ಕೈಯಲ್ಲಿ ತಪ್ಪಿಲ್ಲ. ಅವನಿಗೆ ನೇಮಕಾತಿ ಪತ್ರ ಇದೆ, ನಾನೇ ಬರೆದದ್ದು. ಆ ಬೆಳಗಿನ ಬಗ್ಗೆ ಅವನು ಒಂದು ದಿನವೂ ನಮ್ಮನ್ನು ದೂರಲಿಲ್ಲ. ನಾನೊಮ್ಮೆ ಕ್ಷಮೆ ಕೇಳಲು ಹೋದಾಗ "ಎಂತಕೆ ಅಕ್ಕ ಈಗ ಅದೆಲ್ಲ" ಎಂದು ಎದ್ದು ಹೋದ. ದೂರಿದ್ದರೆ ನನಗೆ ಹಗುರವಾಗುತ್ತಿತ್ತೋ ಏನೋ.

ಅವನ ತಮ್ಮನದು ಇನ್ನೊಂದು ಕತೆ. ಏಳನೆಯಲ್ಲಿ ಶಾಲೆ ಬಿಟ್ಟವನು. ಸಾರಿಗೆ ವಾಹನದ ಲೈಸೆನ್ಸಿಗೆ ಎಂಟನೇ ತರಗತಿ ಪಾಸಾಗಿರಬೇಕೆಂದು 2007ರಲ್ಲಿ ನಿಯಮ ಬಂದಿತ್ತು. ಕೈಯಲ್ಲಿ ವಿದ್ಯೆ ಇದ್ದೂ ವರ್ಷಾನುಗಟ್ಟಲೆ ಕ್ಲೀನರ್ ಆಗಿಯೇ ಉಳಿದ. 2019ರಲ್ಲಿ ಕೇಂದ್ರ ಸರಕಾರ ಆ ನಿಯಮ ತೆಗೆದ ಮೇಲೆ ಬ್ಯಾಡ್ಜ್ ಮಾಡಿಸಿದ. 2020ರ ಲಾಕ್‌ಡೌನಿನಲ್ಲಿ ರೈಲಿಲ್ಲ, ದೇವಸ್ಥಾನದ ಬಾಗಿಲು ಮುಚ್ಚಿತ್ತು, ಆರೂ ಗಾಡಿ ಅಂಗಳದಲ್ಲಿ. ಆಗ ರಾಜ್ಯ ಸರಕಾರ ಆಟೊ, ಟ್ಯಾಕ್ಸಿ ಚಾಲಕರಿಗೆ 5,000 ರೂಪಾಯಿ ಘೋಷಿಸಿತು. ಬ್ಯಾಡ್ಜ್ ಇದ್ದದ್ದರಿಂದ ಅವನೂ ಅರ್ಜಿ ಹಾಕಿದ. ಒಂದು ವರ್ಷ ಹಿಂದೆ ಆಗಿದ್ದರೆ ಸರಕಾರದ ಲೆಕ್ಕದಲ್ಲಿ ಅವನು ಚಾಲಕನೇ ಅಲ್ಲ.

ಆದ್ದರಿಂದ ಮಗನೇ, ನಿನ್ನ ಅಮ್ಮಿಯ ಪ್ರಶ್ನೆಗೆ ಉತ್ತರ ಇದು. ಗಾಡಿ ನೋಡಿಕೊಳ್ಳುವುದನ್ನು ಕಲಿಯಬೇಕು. ಲೆಕ್ಕ ಕಲಿ, ಕಾನೂನು ಕಲಿ, ಕಂಪ್ಯೂಟರ್ ಕಲಿ. ಆದರೆ ಅದಕ್ಕೆ ಮೊದಲು ಲೈಸೆನ್ಸ್ ಮಾಡಿಸು. ಲಘು ವಾಹನದ ಲೈಸೆನ್ಸ್ ಆಗಿ ಒಂದು ವರ್ಷ ಕಳೆಯದೆ ಸಾರಿಗೆ ವಾಹನದ ಎಲ್‌ಎಲ್ ಸಿಗುವುದಿಲ್ಲ, ಇಪ್ಪತ್ತು ತುಂಬದೆ ಸಾರಿಗೆ ವಾಹನ ಓಡಿಸುವಂತಿಲ್ಲ. ಆ ಸಮಯದಲ್ಲಿ ಗ್ಯಾರೇಜಿನಲ್ಲಿ ಮೇಸ್ತ್ರಿಯ ಕೆಳಗೆ ಕೂತು ಬ್ರೇಕ್ ಬಿಚ್ಚು. ಒಂದು ನವರಾತ್ರಿ ಪೂರ್ತಿ ಕೊಲ್ಲೂರಿನ ಸ್ಟ್ಯಾಂಡಿನಲ್ಲಿ ನಿಲ್ಲು. ಹತ್ತಿದ ಗೇರಿನಲ್ಲೇ ಘಾಟಿ ಇಳಿಯಬೇಕೆಂದು ಡ್ರೈವರುಗಳು ಏಕೆ ಹೇಳುತ್ತಾರೆ ಎಂಬುದು ಕುರ್ಚಿಯಲ್ಲಿ ಕೂತವನಿಗೆ ತಿಳಿಯುವುದಿಲ್ಲ.

ಹೊಸ ಯಂತ್ರಗಳು ಬಂದಿವೆ. 2019ರಿಂದ ಹೊಸ ಸಾರ್ವಜನಿಕ ಸೇವಾ ವಾಹನಗಳಿಗೆ ಜಿಪಿಎಸ್, ಪ್ಯಾನಿಕ್ ಬಟನ್ ಕಡ್ಡಾಯವಾಗಿದೆ. ನಿನ್ನ ಅಪ್ಪನ ಮೊಬೈಲಿನಲ್ಲಿ ಗಾಡಿ ನಾಗೋಡಿಯಲ್ಲಿದೆಯೋ ಹಾಲ್ಕಲ್ಲಿನಲ್ಲಿದೆಯೋ ಕೂತಲ್ಲೇ ಕಾಣುತ್ತದೆ. ಗಾಡಿ ಎಲ್ಲಿದೆ ಎಂದು ಅದು ಹೇಳುತ್ತದೆ. ಒಳಗಿದ್ದವನು ನಿನ್ನೆ ರಾತ್ರಿ ಮಲಗಿದ್ದನೇ ಎಂದು ಅವನ ಮುಖ ನೋಡಿ ನೀನೇ ಕೇಳಬೇಕು. "ಎಂತದೂ ಆತಿಲ್ಲೆ" ಎಂದು ಅವನು ಹೇಳಿದರೆ ನಂಬಬಾರದು. ಕಂತು, ಮಕ್ಕಳ ಫೀಸು, ನಿನ್ನ ಮೇಲಿನ ದಾಕ್ಷಿಣ್ಯ ಅವನಿಂದ ಆ ಮಾತು ಹೇಳಿಸುತ್ತವೆ.

ರಮಝಾನ್ ಮತ್ತು ನವರಾತ್ರಿ ಮತ್ತೆ ಒಟ್ಟಿಗೆ ಬರುವ ಕಾಲಕ್ಕೆ ಲೆಕ್ಕ ನಿನ್ನ ಕೈಯಲ್ಲಿರುತ್ತದೆ. ಹಳೆಯ ಪುಸ್ತಕ ಅಮ್ಮಿಯ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ನಿನಗೆ ಉರ್ದು ಬರುವುದಿಲ್ಲ, ಅದಕ್ಕೆ ಎಡಗಡೆಯಿಂದ ತೆರೆ. ಅಕ್ಟೋಬರ್ 1ರ ಪುಟಕ್ಕೆ ನಾನೊಂದು ನೂಲು ಇಟ್ಟಿದ್ದೇನೆ. ಕಾಲೇಜಿಗೆ ಸೇರುವ ಮೊದಲು ಅದನ್ನೊಮ್ಮೆ ಓದು. ಓದಿ, ಜಡ್ಕಲ್ಲಿನ ಮಾಮನ ಹತ್ತಿರ ಹೋಗಿ ಕೆಲಸ ಕಲಿಸಿ ಎಂದು ಕೇಳು.